ಬ್ರೇಕ್ ತುಳಿದರೆ ಮುಂದೆ ಹೋಗುವ ಜೀಪು

ಕರೆಂಟಿನ ಮೇಲೆ ನನಗಿರುವ ಪ್ರೀತಿ ಕರೆಂಟಿಗೆ ನನ್ನ ಮೇಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಕ್ರೂಡ್ರೈವರ್ ಕೈಗೆ ಬಂದರೆ ಸಾಕು, ನನ್ನ ಮೈಯಲ್ಲಿ ಏನೋ ಒಂದು ಹುರುಪು ಹುಟ್ಟುತ್ತದೆ. ಕೆಟ್ಟದ್ದು ಮಾತ್ರವಲ್ಲ, ನೆಟ್ಟಗಿದ್ದದ್ದನ್ನೂ ಒಮ್ಮೆ ಬಿಚ್ಚಿ ನೋಡಬೇಕೆನ್ನಿಸುತ್ತದೆ. ನಮ್ಮ ಮನೆಯ ಕರೆಗಂಟೆಯನ್ನು ನಾನು ದುರಸ್ತಿ ಮಾಡಿದ ಮೇಲೆ ಅದು ಬಾಗಿಲಿಗೆ ಬಂದವರು ಒತ್ತಿದರೆ ಸುಮ್ಮನಿರುತ್ತಿತ್ತು. ನೀರಿನ ಮೋಟರ್ ಹಚ್ಚಿದಾಗ ಮಾತ್ರ ಕೂಗುತ್ತಿತ್ತು. ನನ್ನ ಹೆಂಡತಿ ಗಿರಿಜಾ ಮೊದಮೊದಲು ಸೆರಗು ಸರಿಮಾಡಿಕೊಂಡು ಓಡಿಹೋಗಿ ಬಾಗಿಲು ತೆಗೆಯುತ್ತಿದ್ದಳು. ಆಮೇಲೆ, ಮೋಟರ್ ಹಚ್ಚಿದ್ದು ನೆನಪಿರಲು ಇದೇ ಅನುಕೂಲ ಎಂದು ಹೇಳಿ ಅದನ್ನು ಹಾಗೇ ಬಿಟ್ಟಳು. ಬಂದವರು ಬಾಗಿಲು ಬಡಿಯುವುದನ್ನು ರೂಢಿ ಮಾಡಿಕೊಂಡರು. ಇಂಥ ಹೆಂಡತಿ, ಇಂಥ ನೆಂಟರಿಷ್ಟರು ಇದ್ದರೆ ಮನುಷ್ಯನ ಧೈರ್ಯ ಬೆಳೆಯುತ್ತಾ ಹೋಗುತ್ತದೆ. ನನ್ನದೂ ಬೆಳೆಯಿತು, ಬೆಳೆದು ಜೀಪಿನವರೆಗೆ ಬಂತು.

ಆಗ ನಾನು ರೋಣದಲ್ಲಿ ದನದ ಡಾಕ್ಟರಾಗಿದ್ದೆ. ಮೊಬೈಲ್ ಫೋನು ಊರಿಗೆ ಹೊಸದಾಗಿ ಬಂದಿದ್ದ ಕಾಲ. ಫೋನು ಬಂದದ್ದರಿಂದ ದನಗಳ ಕಾಯಿಲೆ ಹೆಚ್ಚಾಯಿತೆಂದು ಹೇಳಲಾರೆ, ಆದರೆ ನಾನು ಎಲ್ಲಿದ್ದೇನೆಂಬುದು ಎಲ್ಲರಿಗೂ ಗೊತ್ತಾಗತೊಡಗಿತು. ನನ್ನ ಬಳಿ ಒಂದು ಹಳೆಯ ಡೀಸೆಲ್ ಜೀಪಿತ್ತು. ಬೇಸಿಗೆಯಲ್ಲಿ ಅದು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಮಳೆ ಬಿತ್ತೆಂದರೆ ಕಥೆ ಬೇರೆ. ನಮ್ಮ ಕಡೆಯ ಎರೆಮಣ್ಣನ್ನು ತುಳಿದು ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ಒಂದು ಹೆಜ್ಜೆ ಇಟ್ಟರೆ ಚಪ್ಪಲಿಯ ತೂಕ ಎರಡು ಪಟ್ಟಾಗುತ್ತದೆ, ಹತ್ತು ಹೆಜ್ಜೆ ಇಟ್ಟರೆ ಮನುಷ್ಯ ಒಂದು ಗೇಣು ಎತ್ತರವಾಗುತ್ತಾನೆ, ಆಮೇಲೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಹೋಗುತ್ತದೆ. ಒಮ್ಮೆ ಅಬ್ಬಿಗೇರಿಯ ಹೊಲವೊಂದರಲ್ಲಿ ಕುಂಟುತ್ತಿದ್ದ ಎತ್ತನ್ನು ನೋಡಲು ಹೋಗಿ ಜೀಪು ಹೂತುಕೊಂಡಿತು. ಆ ಮನೆಯವರು ಬೇರೆ ಜೋಡಿ ಸಿಗದೆ, ಕುಂಟೆತ್ತನ್ನೇ ಅದರ ಜೊತೆಯದರ ಸಂಗಡ ಹೂಡಿ ನನ್ನನ್ನು ಎಳೆದು ಹಾಕಿದರು. ಎಳೆಯುವ ಹುರುಪಿನಲ್ಲಿ ಅದರ ಕುಂಟು ಬಿಟ್ಟುಹೋಯಿತು. ಮನೆಯ ಯಜಮಾನರು ನನ್ನ ಚಿಕಿತ್ಸೆಯನ್ನು ಊರೆಲ್ಲ ಕೊಂಡಾಡಿದರು. ನನಗೆ ಮಾತ್ರ ಆ ಹೊಗಳಿಕೆ ಹಿತವಾಗಲಿಲ್ಲ.

ಜೀಪು ಹೂತುಕೊಳ್ಳುವುದರ ಮೂಲ ಕಾರಣವನ್ನು ನನಗೆ ತಿಳಿಸಿದವನು ಪುಣೆಯಲ್ಲಿರುವ ನನ್ನ ಸೋದರಮಾವನ ಮಗ. ಅವನಿಗೆ ಗುಡ್ಡಬೆಟ್ಟಗಳಲ್ಲಿ ಜೀಪು ಹತ್ತಿಸುವ ಹುಚ್ಚು. ಅವನು ಹೇಳಿದ್ದಿಷ್ಟು: ಹಿಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗಂಟು ಇರುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನದು ಕಡಿಮೆ ತಿರುಗಲಿ ಎಂದು ಮಾಡಿದ ಏರ್ಪಾಡು ಅದು. ರಸ್ತೆಯ ಮೇಲೆ ಚೆನ್ನ. ಕೆಸರಿನಲ್ಲಿ ಮಾತ್ರ, ಒಂದು ಗಾಲಿ ಜಾರತೊಡಗಿದರೆ ಇಂಜಿನ್ನಿನ ಜೋರೆಲ್ಲ ಆ ಜಾರುವ ಗಾಲಿಗೇ ಹೋಗಿ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ಕೈಕಟ್ಟಿ ನಿಂತುಬಿಡುತ್ತದೆ. ಕೆಲಸವಾಗದ ಕಡೆ ಓಡಾಟವೆಲ್ಲ, ಕೆಲಸವಾಗಬೇಕಾದ ಕಡೆ ವಿಶ್ರಾಂತಿ. ಸರ್ಕಾರಿ ನೌಕರನಾದ ನನಗೆ ಇದು ತಕ್ಷಣ ಅರ್ಥವಾಯಿತು. ಇದಕ್ಕೆ ಮದ್ದೂ ಇದೆಯೆಂದ. ಗಾಳಿಯ ಒತ್ತಡದಿಂದ ಆ ಗಂಟಿಗೆ ಬೀಗ ಹಾಕಬಹುದು. ಬೀಗ ಬಿದ್ದರೆ ಎರಡು ಗಾಲಿಗಳೂ ಕೂಡಿಯೇ ತಿರುಗಬೇಕು, ಒಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ತನ್ನ ಜೀಪು ಮಾರಿದಾಗ ಬಿಚ್ಚಿಟ್ಟುಕೊಂಡ ಅಂಥ ಬೀಗವೊಂದು ತನ್ನಲ್ಲಿದೆ, ಕಳಿಸಿಕೊಡುತ್ತೇನೆ ಎಂದ. ನಾನು ಅಂದು ಊಟ ಮಾಡಿದ್ದು ಏನೆಂದು ಗಿರಿಜಾ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಷ್ಟು ಖುಷಿ.

ಬೀಗವನ್ನು ಹುಬ್ಬಳ್ಳಿಯ ಒಂದು ಗ್ಯಾರೇಜಿನವರು ಹಿಂದಿನ ಅಚ್ಚಿನೊಳಗೆ ಕೂಡಿಸಿಕೊಟ್ಟರು. ಆದರೆ ಬೀಗಕ್ಕೆ ಗಾಳಿ ಬೇಕು, ಗಾಳಿಗೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ವೈರಿಂಗ್ ಬೇಕು. ಅದನ್ನು ಊರಲ್ಲಿ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಮಾಡುತ್ತಾನೆ ಎಂದು ಉಳಿದ ಸಾಮಾನನ್ನೆಲ್ಲ ರಟ್ಟಿನ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಡಬ್ಬಿ ತೆರೆದು ನೋಡಿದೆ. ಎರಡು ಮುಷ್ಟಿ ಗಾತ್ರದ ಕಂಪ್ರೆಸರ್, ಸಣ್ಣ ಗಾಳಿ ಟಾಕಿ, ನೀಲಿ ಬಣ್ಣದ ತೆಳ್ಳನೆಯ ಕೊಳವೆ, ಗುಂಡಿಗಳು, ಫ್ಯೂಜು, ಟೈರಿಗೆ ಗಾಳಿ ಹಾಕುವ ಒಂದು ಪೈಪೂ ಇತ್ತು. ಇಷ್ಟು ಚೆಂದದ ಸಾಮಾನನ್ನು ಬೇರೆಯವರ ಕೈಗೆ ಕೊಡುವುದೆಂದರೇನು? ನಾನೇ ಕೂಡಿಸುವುದೆಂದು ಅಲ್ಲೇ ತೀರ್ಮಾನಿಸಿದೆ.

ಒಬ್ಬನೇ ಮಾಡಲು ಸ್ವಲ್ಪ ಅಳುಕೆನಿಸಿ ಗಜೇಂದ್ರಗಡದ ರಾಜೇಸಾಬರಿಗೆ ಫೋನು ಮಾಡಿದೆ. ಅವರದು ಮೂರು ತಲೆಮಾರಿನ ಸೀರೆ ವ್ಯಾಪಾರ. ಅಂಗಡಿಯಲ್ಲಿ ಕೂತಿರುವುದು ಸೀರೆಗಳ ನಡುವೆ, ಮನಸ್ಸಿರುವುದು ಜೀಪಿನಲ್ಲಿ. ಅವರಿಗೂ ನನ್ನಂಥದೇ ಹಳೆಯ ಜೀಪಿತ್ತು. ಗಜೇಂದ್ರಗಡದ ಗುಡ್ಡದ ಮೇಲೆ ಅದನ್ನು ಹತ್ತಿಸುವುದು, ಹತ್ತದಿದ್ದರೆ ಅದರ ಪಕ್ಕದಲ್ಲೇ ಕೂತು ಗಾಳಿ ತೆಗೆದುಕೊಳ್ಳುವುದು ಅವರ ವಿರಾಮದ ಕೆಲಸ. ವೈರಿಂಗಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿದ್ದಷ್ಟೇ. ಆದರೆ ಉತ್ಸಾಹ ನನಗಿಂತ ಜಾಸ್ತಿ. ಭಾನುವಾರ ಬೆಳಿಗ್ಗೆ, ನಾನು ಚಹಾ ಕುಡಿಯುವ ಮೊದಲೇ, ಬಿಳಿ ಪೈಜಾಮ ಬಿಳಿ ಅಂಗಿಯಲ್ಲಿ ಬಂದು ಬಾಗಿಲು ಬಡಿದರು.

ಡಬ್ಬಿಯೊಳಗಿದ್ದ ಚಿತ್ರದ ಹಾಳೆಯನ್ನು ಬಾನೆಟ್ಟಿನ ಮೇಲೆ ಹರಡಿ ಇಬ್ಬರೂ ಬಗ್ಗಿ ನೋಡಿದೆವು. ಕಂಪ್ರೆಸರಿಗೆ ಬಹಳ ಕರೆಂಟು ಬೇಕಾದ್ದರಿಂದ ಅದಕ್ಕೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆಯಬೇಕು, ನಡುವೆ ರಿಲೇ ಎಂಬ ಸಣ್ಣ ಪೆಟ್ಟಿಗೆ ಇಡಬೇಕು. ತೆಳ್ಳನೆಯ ಇನ್ನೊಂದು ವೈರು ಆ ಪೆಟ್ಟಿಗೆಗೆ ‘ಈಗ ಬಿಡು’ ಎಂದು ಸನ್ನೆ ಮಾಡಿದರೆ, ಪೆಟ್ಟಿಗೆ ದಪ್ಪ ವೈರಿನ ಕರೆಂಟನ್ನು ಬಿಡುತ್ತದೆ. ಟಾಕಿ ತುಂಬಿದ ಮೇಲೆ ಕಂಪ್ರೆಸರ್ ತಾನೇ ನಿಲ್ಲುತ್ತದೆ. ಇಷ್ಟು ಹಾಳೆಯಲ್ಲಿತ್ತು. ಆದರೆ ರಿಲೇ ಯಾಕೆ, ನೇರ ಹಾರ್ನಿನ ವೈರಿಗೇ ಹಚ್ಚೋಣ ಎಂಬ ಯೋಚನೆ ನನಗೆ ಬಂತು, ರಾಜೇಸಾಬರಿಗೂ ಒಪ್ಪಿಗೆಯಾಯಿತು. ಹಚ್ಚಿ ಹಾರ್ನ್ ಒತ್ತಿದೆ. ಕಂಪ್ರೆಸರ್ ಒಮ್ಮೆ ಕೆಮ್ಮಿತು, ಹಾರ್ನ್ ಕರು ಒದರಿದ ಹಾಗೆ ಒದರಿತು, ವೈರು ಮೆತ್ತಗಾಗಿ ಹೊಗೆ ಬಂತು. ಗಿರಿಜಾ ಅಡುಗೆಮನೆಯಿಂದ ಇಣುಕಿ, ಒಳಗೆ ಒಗ್ಗರಣೆ ಸೀದಿಲ್ಲ, ಹೊರಗೇನಾದರೂ ಸೀದಿದೆಯೋ ಎಂದು ಕೇಳಿದಳು. ಏನೂ ಇಲ್ಲವೆಂದೆವು. ಡಬ್ಬಿಯಿಂದ ರಿಲೇ ತೆಗೆದುಕೊಂಡೆವು.

ಈಗ ಸನ್ನೆ ಮಾಡುವ ತೆಳ್ಳನೆಯ ವೈರನ್ನು ಜೀಪಿನ ಯಾವುದಾದರೂ ಒಂದು ವೈರಿಗೆ ಕೂಡಿಸಬೇಕಿತ್ತು. ಚಾವಿ ತಿರುವಿದಾಗ ಕರೆಂಟು ಬರುವಂಥದಕ್ಕೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡಿದರೆ ಅಲ್ಲಿ ವೈರುಗಳ ಜಾತ್ರೆ. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ರಾಜೇಸಾಬರು ಬಗ್ಗಿ ಬಹಳ ಹೊತ್ತು ನೋಡಿ, ಹಸಿರು ಬಣ್ಣದ ನಮ್ಮ ತೆಳ್ಳನೆಯ ವೈರಿನ ಪಕ್ಕಕ್ಕೆ, ಕೆಂಪು ಗೆರೆಯಿದ್ದ ಒಂದು ಹಸಿರು ವೈರನ್ನು ಎತ್ತಿ ಹಿಡಿದರು.

“ಹಸರು ಮೈ, ಕೆಂಪು ಅಂಚು. ಇದಕ್ಕ ಇದು ಒಪ್ಪತೈತಿ ನೋಡ್ರಿ ಡಾಕ್ಟರ,” ಎಂದರು.

ಮೂರು ತಲೆಮಾರಿನ ಅನುಭವದ ಮಾತು. ನಾನು ಎರಡನೇ ಯೋಚನೆ ಮಾಡದೆ ಕೂಡಿಸಿ ಪಟ್ಟಿ ಸುತ್ತಿದೆ.

ನಮ್ಮ ಮನೆಯ ಮುಂದಿನ ನೆಲ ಸ್ವಲ್ಪ ಇಳಿಜಾರು, ಜೀಪಿನ ಹ್ಯಾಂಡ್ ಬ್ರೇಕು ಹೆಸರಿಗೆ ಮಾತ್ರ. ಹಾಗಾಗಿ ರಾಜೇಸಾಬರು ಡ್ರೈವರ್ ಸೀಟಿನಲ್ಲಿ ಬ್ರೇಕ್ ತುಳಿದುಕೊಂಡು ಕೂತರು. ನಾನು ಬಾನೆಟ್ ಎತ್ತಿಕೊಂಡು ನಿಂತು, ಚಾವಿ ತಿರುವಿ ಕಂಪ್ರೆಸರಿನ ಗುಂಡಿ ಒತ್ತಲು ಹೇಳಿದೆ. ಟರ್ರ್ ಎಂದು ಅದು ಶುರುವಾಯಿತು. ಆ ಸದ್ದನ್ನು ಹೇಗೆ ಹೇಳಲಿ? ಕರು ಹುಟ್ಟಿ ಮೊದಲ ಉಸಿರು ಎಳೆದಾಗ ಡಾಕ್ಟರಿಗೆ ಆಗುವ ಸಂತೋಷವನ್ನು ನಾನು ಬಲ್ಲೆ. ಇದು ಅದಕ್ಕಿಂತ ಕಡಿಮೆಯದಾಗಿರಲಿಲ್ಲ. ನಾನು ಬಾನೆಟ್ಟಿನ ಕೆಳಗೆ ನಿಂತು ಕುಣಿದೆ, ರಾಜೇಸಾಬರು ಸೀಟಿನಲ್ಲೇ ಕುಣಿದರು, ಬ್ರೇಕಿನ ಕಾಲು ಮಾತ್ರ ತೆಗೆಯಲಿಲ್ಲ. ಗಿರಿಜಾ ಬಂದು ನೋಡಿ, ಎಲ್ಲೋ ಸುಯ್ಯೆನ್ನುತ್ತಿದೆಯಲ್ಲ ಎಂದಳು. ಬಟ್ಟೆ ಸೋಪಿನ ನೊರೆ ತಂದು ಕೊಳವೆಯ ಉದ್ದಕ್ಕೂ ಸವರಿದಳು. ಒಂದು ಜೋಡಣೆಯಲ್ಲಿ ಗುಳ್ಳೆ ಎದ್ದಿತು, ಬಿಗಿ ಮಾಡಿದೆವು. ಬೀಗದ ಗುಂಡಿ ಒತ್ತಿದರೆ ಗಾಳಿ ಟಸ್ಸೆಂದು ಹೋಗಿ ಹಿಂದಿನ ಅಚ್ಚಿನೊಳಗೆ ಟಕ್ಕೆಂದಿತು. ನಾನು ಗಾಲಿಗೆ ಕಲ್ಲು ಕೊಟ್ಟೆ, ರಾಜೇಸಾಬರು ನೋಡಲು ಕೆಳಗಿಳಿದರು. ಅವರು ಇಳಿದ ತಕ್ಷಣ ಕಂಪ್ರೆಸರ್ ನಿಂತಿತು. ಟಾಕಿ ತುಂಬಿತು ಎಂದು ನಾನು ಹೇಳಿದೆ. ಎಷ್ಟು ಶಿಸ್ತಿನ ಯಂತ್ರ ಎಂದು ಅವರು ಹೇಳಿದರು.

ಇಂಥ ಯಂತ್ರವನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಸುಮ್ಮನೆ ಕೂರಲಾದೀತೆ? ಮೂವರೂ ಜೀಪು ಹತ್ತಿ ರೋಣದ ಪೇಟೆಗೆ ಹೊರಟೆವು, ಗಿರಿಜಾ ಕಾಯಿಪಲ್ಯ ತರಬೇಕೆಂಬುದು ನೆಪ. ಮೊದಲ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಹಾಕಿದೆ. ಟರ್ರ್ ಎಂದಿತು. ಎಮ್ಮೆ ನನ್ನನ್ನು ದಿಟ್ಟಿಸಿ ನೋಡಿ ದಾರಿ ಬಿಟ್ಟಿತು. ಬಸ್ ಸ್ಟ್ಯಾಂಡ್ ಹತ್ತಿರ ಬ್ರೇಕ್ ಹಾಕಿದೆ. ಟರ್ರ್. ಬಾಳೆಹಣ್ಣಿನ ಗಾಡಿಯ ಮುಂದೆ, ಟರ್ರ್. ಚಹಾದಂಗಡಿಯಲ್ಲಿ ಕೂತವರು ಕಪ್ಪು ಹಿಡಿದುಕೊಂಡೇ ಎದ್ದು ನಿಂತರು. ಗಾಳಿ ಇನ್ನೂ ಎಲ್ಲೋ ಸಣ್ಣಗೆ ಸೋರುತ್ತಿದೆ, ಅದಕ್ಕೇ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದೆ ಎಂದು ನಾವಿಬ್ಬರೂ ಚರ್ಚಿಸಿದೆವು. ಅದು ಖರೆಯೇ ಆಗಿತ್ತು, ಅರ್ಧ ಖರೆ. ಉಳಿದರ್ಧವನ್ನು ಹಿಂದಿನ ಸೀಟಿನಲ್ಲಿ ಕೂತ ಗಿರಿಜಾ ಹೇಳಿದಳು. ಬ್ರೇಕ್ ತುಳಿದಾಗ ಮಾತ್ರ ಒದರುತ್ತದೆ, ಕಾಲು ತೆಗೆದರೆ ಬಾಯಿ ಮುಚ್ಚುತ್ತದೆ ಎಂದಳು. ಜೀಪು ನಿಲ್ಲಿಸಿ ಪರೀಕ್ಷಿಸಿದೆವು. ಹೌದು. ರಾಜೇಸಾಬರು ಆರಿಸಿದ ಕೆಂಪಂಚಿನ ವೈರು ಹಿಂದಿನ ಬ್ರೇಕ್ ದೀಪದ್ದು. ಬ್ರೇಕ್ ತುಳಿದರೆ ದೀಪಕ್ಕೂ ಕರೆಂಟು, ಕಂಪ್ರೆಸರಿಗೂ ಅಪ್ಪಣೆ.

ಇದನ್ನು ಕಂಡುಹಿಡಿದು ಇನ್ನೂ ಪೂರ್ತಿ ನಕ್ಕಿರಲಿಲ್ಲ, ನನ್ನ ಫೋನು ರಿಂಗಾಯಿತು. ಅಸೂಟಿಯ ಬಸವ್ವ. ಊರ ಹೊರಗೆ ತನ್ನ ಹೊಲದಲ್ಲೇ ಮನೆ ಕಟ್ಟಿಕೊಂಡು, ತಾನೇ ನಿಂತು ಒಕ್ಕಲುತನ ಮಾಡಿಸುವ ಗಟ್ಟಿ ಹೆಣ್ಣುಮಗಳು. ಆಕೆಯ ಎಮ್ಮೆಯನ್ನು ನಾನೇ ತಿಂಗಳ ಹಿಂದೆ ನೋಡಿ ಬಂದಿದ್ದೆ.

“ಸಾಹೇಬ್ರ, ಎಮ್ಮಿ ಈಯಾಕ ಹತ್ತಿ ಭಾಳ ಹೊತ್ತಾತ್ರಿ. ಮುಂಗಾಲು ಎರಡೂ ಹೊರಗ ಬಂದಾವು, ತಲಿ ಬರವಲ್ದು. ಎಮ್ಮಿ ಕುಂತಬಿಟ್ಟೈತಿ.” ಜೋರು ದನಿಯ ಬಸವ್ವ ಅಂದು ಮೆಲ್ಲಗೆ ಮಾತಾಡಿದಳು.

ನನ್ನ ನಗು ಅಲ್ಲೇ ನಿಂತಿತು. ಒಳಗೆ ಕರುವಿನ ಕುತ್ತಿಗೆ ಹಿಂದಕ್ಕೆ ಹೊರಳಿರಬೇಕು. ಅಂಥದ್ದರಲ್ಲಿ ತಡವಾದರೆ ಕರುವೂ ಇಲ್ಲ, ಎಮ್ಮೆಯೂ ಇಲ್ಲ. ಹಿಂದಿನ ಎರಡು ದಿನ ಅಸೂಟಿಯ ಕಡೆ ಚೆನ್ನಾಗಿ ಮಳೆಯಾಗಿತ್ತು. ಡಾಂಬರು ರಸ್ತೆ ಬಿಟ್ಟು ಬಸವ್ವನ ಹೊಲಕ್ಕೆ ಹೋಗುವ ಬಂಡಿದಾರಿ ಎರೆಮಣ್ಣಿನದೇ. ಔಷಧಿಯ ಪೆಟ್ಟಿಗೆ ಜೀಪಿನಲ್ಲೇ ಇತ್ತು. ಮೊದಲು ವೈರು ಸರಿಮಾಡಿಕೊಂಡು ಹೋಗೋಣವೇ ಎಂದು ರಾಜೇಸಾಬರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಗಿರಿಜಾ ಕಾಯಿಪಲ್ಯದ ಚೀಲ ಹಿಡಿದು ಆಗಲೇ ಕೆಳಗಿಳಿದಿದ್ದಳು.

“ಸಿಕ್ಕೊಂಡಾಗ ಜೀಪು ನಿಂತ ಇರತೈತಲ್ಲ? ನಿಂತ ಜೀಪಿಗೆ ಬ್ರೇಕ್ ತುಳದ್ರ ಏನ್ ಕೆಡತೈತಿ? ಗಾಳಿ ತುಂಬತೈತಿ, ಅಷ್ಟ. ಹೋಗ್ರಿ ಲಗೂ,” ಎಂದಳು.

ಹೋದೆವು. ಡಾಂಬರು ರಸ್ತೆ ಮುಗಿಯುವವರೆಗೆ ತೊಂದರೆಯಾಗಲಿಲ್ಲ. ಬಂಡಿದಾರಿಗೆ ಇಳಿದ ಮೇಲೆ ಜೀಪಿನ ಸದ್ದೇ ಬೇರೆಯಾಯಿತು. ಎರಡೂ ಕಡೆ ಹೆಸರುಕಾಳಿನ ಹೊಲ, ನಡುವೆ ಕಪ್ಪಗೆ ಹೊಳೆಯುವ ದಾರಿ, ಅದರಲ್ಲಿ ಬಂಡಿಯ ಗಾಲಿಗಳು ಕೊರೆದ ಎರಡು ಕಾಲುವೆಗಳು. ಬಸವ್ವನ ಮನೆಯ ತಗಡು ದೂರದಲ್ಲಿ ಕಂಡಿತು, ಆಗಲೇ ಜೀಪಿನ ಹಿಂಭಾಗ ಎಡಕ್ಕೆ ಕುಸಿದು ನಿಂತಿತು. ಎಡಗಾಲಿ ಕೆಸರು ಚಿಮ್ಮುತ್ತಾ ಗಿರಗಿರನೆ ತಿರುಗಿತು. ಹುಲ್ಲು ಬೆಳೆದ ಬದುವಿನ ಮೇಲಿದ್ದ ಬಲಗಾಲಿ ಅಲುಗಲಿಲ್ಲ. ಪುಣೆಯವನು ಹೇಳಿದ್ದು ಕಣ್ಣೆದುರಿಗೇ ಇತ್ತು. ರಾಜೇಸಾಬರು ನೋಡಲು ಕೆಳಗಿಳಿದರು. ಅವರ ಚಪ್ಪಲಿ ಅಲ್ಲೇ ಉಳಿಯಿತು.

ಬ್ರೇಕ್ ತುಳಿದೆ. ಟರ್ರ್ ಎಂದು ಕಂಪ್ರೆಸರ್ ಶುರುವಾಯಿತು. ಅದು ತುಂಬಿಕೊಳ್ಳುವವರೆಗೆ ಕಾಯುವ ಆ ಹೊತ್ತು ನನಗೆ ಬಹಳ ಉದ್ದವೆನಿಸಿತು. ಎಮ್ಮೆ ಕಾಯುತ್ತಿದೆ, ನಾನು ಮುಂದೆ ಹೋಗಲು ಬ್ರೇಕ್ ತುಳಿದುಕೊಂಡು ಕೂತಿದ್ದೇನೆ. ಕಡೆಗೆ ಸದ್ದು ನಿಂತಿತು. ಬೀಗದ ಗುಂಡಿ ಒತ್ತಿದೆ. ಟಸ್ಸೆಂದಿತು. ಮೊದಲ ಗೇರಿನಲ್ಲಿ ಕ್ಲಚ್ಚು ಮೆಲ್ಲಗೆ ಬಿಟ್ಟೆ, ಟಕ್ಕೆಂದಿತು. ಜೀಪು ಒಮ್ಮೆ ನಡುಗಿತು. ಬದುವಿನ ಮೇಲೆ ಸುಮ್ಮನೆ ನಿಂತಿದ್ದ ಗಾಲಿ ಹುಲ್ಲನ್ನು ಕಚ್ಚಿ ಹಿಡಿದು ತಿರುಗತೊಡಗಿತು. ಎದ್ದಿತು ಜೀಪು. ಹೂತ ಜಾಗದಿಂದ ಯಾರೂ ಎಳೆಯದೆ, ಯಾರೂ ನೂಕದೆ, ತಾನೇ ಎದ್ದು ಮುಂದೆ ಹೊರಟಿತು. ನಾನು ಒಳಗೆ ಕೂತು ಏನೇನೋ ಕೂಗಿದೆ, ಏನೆಂದು ನನಗೂ ನೆನಪಿಲ್ಲ. ಹಿಂದೆ ನಿಂತ ರಾಜೇಸಾಬರ ಬಿಳಿ ಬಟ್ಟೆಯ ಮೇಲೆ ಎರಡು ಗಾಲಿಗಳೂ ಸಮನಾಗಿ ಕೆಸರು ಎರಚಿದ್ದವು. ಅವರು ಅದನ್ನು ಸಿಟ್ಟಿನಿಂದ ನೋಡಲಿಲ್ಲ. ಮೊದಲಾಗಿದ್ದರೆ ಎಡಗಡೆ ಮಾತ್ರ ಸಿಡಿಯುತ್ತಿತ್ತು, ಈಗ ಎರಡೂ ಕಡೆ ಸಿಡಿದಿದೆ, ಬೀಗ ಬಿದ್ದದ್ದಕ್ಕೆ ಇದೇ ಪುರಾವೆ ಎಂದು ಬರಿಗಾಲಲ್ಲಿ ಓಡಿಬಂದು ಹತ್ತಿಕೊಂಡರು.

ಸ್ವಲ್ಪ ದೂರ ಹೋದ ಮೇಲೆ ಗಾಳಿ ಸೋರಿ ಬೀಗ ಸಡಿಲಾಯಿತು, ಜೀಪು ಮತ್ತೆ ಕುಸಿಯಿತು. ಬ್ರೇಕ್ ತುಳಿದೆ, ಗಾಳಿ ತುಂಬಿದೆ, ಹೊರಟೆ. ಮತ್ತೆ ಕುಸಿಯಿತು, ಮತ್ತೆ ತುಳಿದೆ. ಹೀಗೆ ನಿಂತು ನಿಂತು ಉಸಿರೆಳೆದುಕೊಳ್ಳುತ್ತಾ, ದಮ್ಮಿನ ಮನುಷ್ಯ ಗುಡ್ಡ ಹತ್ತಿದ ಹಾಗೆ, ಬಸವ್ವನ ಮನೆಯ ಅಂಗಳಕ್ಕೆ ಬಂದು ತಲುಪಿದೆವು.

ಎಮ್ಮೆ ಕತ್ತು ಚಾಚಿ ಮಲಗಿತ್ತು. ಬಸವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅಂಗಿ ಕಳಚಿ, ತೋಳಿಗೆ ಸೋಪು ಹಚ್ಚಿ ಕೈ ಒಳಗೆ ಹಾಕಿದೆ. ಎಣಿಸಿದಂತೆಯೇ ಕರುವಿನ ತಲೆ ಪಕ್ಕೆಗೆ ಹೊರಳಿತ್ತು. ಬೆರಳು ಬಾಯೊಳಗೆ ಇಟ್ಟಾಗ ಅದು ಮೆಲ್ಲಗೆ ಚೀಪಿತು. ಜೀವ ಇತ್ತು. ಕಾಲುಗಳನ್ನು ಹಿಂದಕ್ಕೆ ನೂಕಿ, ಜಾಗ ಮಾಡಿಕೊಂಡು, ಎಮ್ಮೆ ತಿಣುಕುವುದು ನಿಂತಾಗಲೆಲ್ಲ ಸ್ವಲ್ಪ ಸ್ವಲ್ಪವೇ ತಲೆಯನ್ನು ತಿರುಗಿಸಿದೆ. ತೋಳಿನಲ್ಲಿ ಜೀವವಿಲ್ಲದಂತಾಯಿತು. ಕಡೆಗೆ ಮೂತಿ ದಾರಿಗೆ ಬಂತು. ಕಾಲಿಗೆ ಕಟ್ಟಿದ ಹಗ್ಗವನ್ನು ರಾಜೇಸಾಬರೂ ಬಸವ್ವನೂ ನಾನು ಹೇಳಿದಾಗ ಎಳೆದರು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಮೂಗು ಒರೆಸಿ, ಎದೆ ತಿಕ್ಕಿ, ಹುಲ್ಲು ಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿದೆ. ಸೀನಿತು. ತಲೆ ಕೊಡವಿತು. ಹೆಣ್ಣು ಕರು. ಎಮ್ಮೆ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಅದನ್ನು ನೆಕ್ಕತೊಡಗಿತು. ಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ ಎಂದಳು. ಆಮೇಲೆ ಅಷ್ಟು ದೂರದಿಂದ ಜೀಪು ಬರುವುದನ್ನು ತಾನು ನೋಡುತ್ತಿದ್ದೆನೆಂದೂ, ನಡುನಡುವೆ ನಿಂತು ನಿಂತು ಯಾಕೆ ಬರುತ್ತಿದ್ದಿರಿ, ಹಾದಿಯಲ್ಲಿ ಏನಾದರೂ ಕಳಕೊಂಡಿದ್ದಿರೋ ಎಂದೂ ಕೇಳಿದಳು. ನಾನು ಮಾತು ಹಾರಿಸಿದೆ. ರಾಜೇಸಾಬರು ತಮ್ಮ ಬರಿಗಾಲನ್ನು ತೋರಿಸಿ, ಚಪ್ಪಲಿ ಎಂದರು.

ಆಕೆ ಕೊಟ್ಟ ಚಹಾ ಕುಡಿಯುವಾಗ ರಾಜೇಸಾಬರಿಗೆ ಇನ್ನೂ ಹುರುಪು ಇಳಿದಿರಲಿಲ್ಲ. ಎಮ್ಮೆ ನೋಡಲು ಬಂದು ನಿಂತಿದ್ದ ಪಕ್ಕದ ಹೊಲದವರ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿ ಮೆತ್ತಗಾಗಿದ್ದು ಅವರ ಕಣ್ಣಿಗೆ ಬಿತ್ತು. ಡಬ್ಬಿಯ ಜೊತೆ ಬಂದು ಜೀಪಿನಲ್ಲೇ ಇದ್ದ ಪೈಪು ತೆಗೆದು, ಗಾಳಿ ಟಾಕಿಗೆ ಸಿಕ್ಕಿಸಿ, ನನ್ನನ್ನು ಬ್ರೇಕ್ ತುಳಿಯಲು ಕೂಡಿಸಿ, ಅಷ್ಟು ಜನರ ಮುಂದೆ ಆ ಗಾಲಿಯನ್ನು ಕಲ್ಲಿನಂತೆ ಮಾಡಿ ತೋರಿಸಿದರು. ಹೊಲದ ನಡುವೆ ನಿಂತು ಟೈರಿಗೆ ಗಾಳಿ ಹಾಕುವುದೆಂದರೆ ಅಲ್ಲಿಯವರಿಗೆ ಸಣ್ಣ ಮಾತಲ್ಲ. ಕರುವಿನ ಸುತ್ತ ನಿಂತವರೆಲ್ಲ ಒಬ್ಬೊಬ್ಬರಾಗಿ ಮೋಟಾರ್ ಸೈಕಲ್ಲಿನ ಸುತ್ತ ಬಂದರು. ಬಸವ್ವ ಕೂಡ ಎಮ್ಮೆ ಬಿಟ್ಟು ಎದ್ದು ಬಂದು ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ವೈರನ್ನು ಮರುದಿನವೇ ಸರಿಮಾಡಿದೆ, ಸೋರಿಕೆಯನ್ನೂ ಹುಡುಕಿ ಬಿಗಿ ಮಾಡಿದೆ. ಜೀಪು ಆಮೇಲೆ ಎಲ್ಲ ಜೀಪುಗಳ ಹಾಗೆ ಬ್ರೇಕ್ ತುಳಿದರೆ ನಿಲ್ಲುವುದಷ್ಟನ್ನೇ ಮಾಡಿತು. ಆ ಮಳೆಗಾಲವಿಡೀ ಕೆಸರಿನಲ್ಲಿ ತಿರುಗಾಡಿದೆ. ಹೋದಲ್ಲೆಲ್ಲ ಜನ ನನಗಾಗಿ ಮೊದಲಿಗಿಂತ ಹೆಚ್ಚು ಕಾತರದಿಂದ ಕಾಯುತ್ತಾರೆ ಎನ್ನಿಸುತ್ತಿತ್ತು. ನನ್ನ ವಿದ್ಯೆಗೆ ಕಡೆಗೂ ಬೆಲೆ ಬಂತೆಂದು ಗಿರಿಜಾಳ ಮುಂದೆ ಹೇಳಿಕೊಂಡೂ ಬಿಟ್ಟೆ.

ಒಂದು ಬೆಳಿಗ್ಗೆ ಬೆಳವಣಕಿಯ ರೈತರೊಬ್ಬರ ಫೋನು ಬಂತು. ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಲಗೂ ಬರ್ರಿ ಸಾಹೇಬ್ರ ಎಂದರು. ಏನಾಗಿದೆ ಎಂದೆ.

“ಹಿಂದಿನ ಬಲಗಡೀದು ಪೂರಾ ಕುಂತಬಿಟ್ಟೈತ್ರಿ. ನಿನ್ನಿ ಸಂಜಿಮಟ ಚಲೋ ಇತ್ತು. ಮುಂಜಾನಿ ನೋಡಿದ್ರ ಏಳವಲ್ದು.”

“ಬಾವು ಬಂದೈತೇನು?”

“ಬಾವು ಎಲ್ಲೀದ್ರಿ, ಪೂರಾ ಇಳದ ಹೋಗೈತಿ. ಮೊಳಿ ಚುಚ್ಚಿತ್ರಿ. ತಗದು ಪಟ್ಟಿ ಹಚ್ಚೀವಿ. ಇನ್ನ ನೀವು ಬಂದ ಮ್ಯಾಲ.”

ಗೊರಸಿಗೆ ಮೊಳೆ ಚುಚ್ಚಿದ್ದು ಸಣ್ಣ ಕೇಸಲ್ಲ. ಧನುರ್ವಾತದ ಸೂಜಿಮದ್ದು, ಗಾಯ ತೊಳೆಯುವ ಔಷಧಿ, ಕತ್ತರಿ, ಅರಳೆ ಎಲ್ಲ ತುಂಬಿಕೊಂಡು, ದಾರಿಯುದ್ದಕ್ಕೂ ಯಾವ ಮದ್ದು ಮೊದಲು, ಯಾವುದು ಆಮೇಲೆ ಎಂದು ಯೋಚಿಸುತ್ತಾ ಹೋದೆ. ಅಂಗಳದಲ್ಲಿ ಜನ ಸೇರಿದ್ದರು. ದಾರಿ ಬಿಟ್ಟರು. ನಡುವೆ ಈರುಳ್ಳಿ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರು, ಹಿಂದಿನ ಬಲಗಾಲಿಯ ಮೇಲೆ ಕುಕ್ಕರಿಸಿ ನಿಂತಿತ್ತು.

ನಾನು ಔಷಧಿಯ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಟ್ರೇಲರನ್ನು ಒಂದು ಸುತ್ತು ಹಾಕಿದೆ. ದನಗಳೆಲ್ಲ ಆರಾಮವಾಗಿವೆಯೇ ಎಂದು ಕೇಳಿದೆ. ದೇವರ ದಯೆಯಿಂದ ಎಲ್ಲ ಆರಾಮ ಎಂದರು. ಪೆಟ್ಟಿಗೆ ಒಳಗಿಟ್ಟು ಪೈಪು ಹೊರಗೆ ತೆಗೆದೆ. ಅಷ್ಟು ದೊಡ್ಡ ಟೈರು ಅಷ್ಟು ಸಣ್ಣ ಕಂಪ್ರೆಸರಿಗೆ ತುಂಬಲು ಎರಡು ಚಹಾ, ಒಂದು ಉಪ್ಪಿಟ್ಟಿನಷ್ಟು ಹೊತ್ತು ಹಿಡಿಯಿತು. ಕಡೆಗೆ ಟ್ರೇಲರು ಎದ್ದು ನೆಟ್ಟಗೆ ನಿಂತಾಗ ಮನೆಯ ಹಿರಿಯರು ಗಾಲಿಯನ್ನು ಕೋಲಿನಿಂದ ತಟ್ಟಿ ನೋಡಿ, ನನ್ನ ಕೈಗುಣ ಭಾಳ ಚಲೋ ಐತಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಇಷ್ಟು ವರ್ಷಗಳ ನೌಕರಿಯಲ್ಲಿ ಒಂದು ದನದ ವಿಷಯಕ್ಕೂ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ನನಗೆ ಬೇಸರವಾಗಬೇಕಿತ್ತು. ಆದರೆ ನಾನು ಆಗಲೇ ಪೈಪು ಹಿಡಿದುಕೊಂಡು ಎಡಗಾಲಿಯ ಕಡೆ ಹೊರಟಿದ್ದೆ. ಅದಕ್ಕೂ ಸ್ವಲ್ಪ ಗಾಳಿ ಕಡಿಮೆಯಿದ್ದಂತೆ ಕಂಡಿತ್ತು.